ಒಂದು ಗ್ರಾಂ

ಶಕ್ತಿನಗರದ ಕಲ್ಲಿದ್ದಲ ಲ್ಯಾಬಿನಲ್ಲಿ
ಬೆಳಿಗ್ಗೆ ಮೊದಲು ತೂಗುವುದು ಕಲ್ಲಿದ್ದಲನ್ನಲ್ಲ,
ಬೆಂಜೋಯಿಕ್ ಆಮ್ಲದ ಬಿಳಿ ಬಿಲ್ಲೆಯನ್ನು. ಒಂದು ಗ್ರಾಂ.
ಅದರ ಶಾಖ ಎಷ್ಟೆಂದು ಲೋಕಕ್ಕೇ ಗೊತ್ತು.
ಗೊತ್ತಿಲ್ಲದ್ದು ನಮ್ಮ ಪಾತ್ರೆಯ ಹೊಟ್ಟೆ.

ಬಾಂಬು ಎನ್ನುತ್ತೇವೆ, ಹೆಸರಿಗೆ; ದಪ್ಪ ಉಕ್ಕಿನ ಡಬ್ಬಿ.
ಅದು, ಅದು ಮುಳುಗಿದ ಬಕೇಟು, ನೀರು ಕಲಕುವ ಕಡ್ಡಿ,
ಎಲ್ಲವೂ ಸುಮ್ಮನೆ ತಮ್ಮ ಪಾಲು ಕುಡಿಯುತ್ತವೆ.
ಡಿಗ್ರಿಗೆ ಎರಡು ಸಾವಿರ ಕ್ಯಾಲರಿ ನೀರಿನದು,
ನಾನೂರ ಹತ್ತು ಇವುಗಳದು.
ಈ ನಾನೂರ ಹತ್ತು ತಿಳಿಯದೆ
ಇನ್ನೊಬ್ಬರ ಬೆಂಕಿ ಅಳೆಯಲು ಹೋಗಬೇಡ ಎಂದಿದ್ದರು
ಕೆಲಸ ಕಲಿಸಿದ ಹಿರಿಯರು.
ಬರೀ ರಸಾಯನಶಾಸ್ತ್ರ ಅಂದುಕೊಂಡಿದ್ದೆ.

ಹೊರಗೆ ಮೇ ತಿಂಗಳು.
ಗೇಟಿನ ಕಬ್ಬಿಣ ಎಂಟು ಗಂಟೆಗೇ ಕೈ ಸುಡುತ್ತದೆ.
ಅದೇ ಬಿಸಿಲು ಕುಡಿದ ಕೃಷ್ಣೆ ಆಚೆ
ಏನೂ ಆಗದವಳ ಹಾಗೆ ತಣ್ಣಗೆ ಕೂತಿದ್ದಾಳೆ.
ಕಬ್ಬಿಣದ್ದು ಸಣ್ಣ ಹೊಟ್ಟೆ, ಚಿಟಿಕೆ ಶಾಖಕ್ಕೇ ಸಿಟ್ಟು.
ನೀರಿನದು ಆಳ. ರಾತ್ರಿ ಹತ್ತಕ್ಕೆ ದಂಡೆಗೆ ಹೋಗಿ
ಕಾಲು ಇಳಿಬಿಟ್ಟರೆ ಗೊತ್ತಾಗುತ್ತದೆ
ಹಗಲೆಲ್ಲ ಎಷ್ಟು ನುಂಗಿತ್ತೆಂದು.

ಹುಸೇನಪ್ಪ ವ್ಯಾಗನ್ನು ಹತ್ತಿ, ಸಲಿಕೆಯಲ್ಲಿ ಕೆದಕಿ,
ಚೀಲದಲ್ಲಿ ಸ್ಯಾಂಪಲ್ಲು ತರುವವನು. ಇಪ್ಪತ್ತೆರಡು ವರ್ಷ.
ಹುಬ್ಬಿನ ಧೂಳು ಒರೆಸಿ ನೋಡಿ
ಯಾವ ಗಣಿಯದೆಂದು ಹೇಳಬಲ್ಲ.
ಅವನು ತಂದದ್ದನ್ನು ಅರೆದು, ಜರಡಿ ಹಿಡಿದು,
ಬಿಲ್ಲೆ ಒತ್ತಿ, ತಂತಿಗೆ ನೂಲು ಬಿಗಿದು,
ಆಮ್ಲಜನಕ ತುಂಬಿ ಗುಂಡಿ ಅದುಮಿದರೆ
ಸದ್ದಿಲ್ಲ, ಹೊಗೆಯಿಲ್ಲ.
ಇಪ್ಪತ್ತು ಸೆಕೆಂಡು ಏನೆಂದರೆ ಏನೂ ಇಲ್ಲ.
ಆಮೇಲೆ, ಮರೆತದ್ದೇನೋ ನೆನಪಾದಂತೆ,
ಪಾದರಸ ಏಳುತ್ತದೆ.
ಪೆನ್ಸಿಲ್ಲಿನಿಂದ ಗಾಜು ತಟ್ಟಿ ಮಸೂರದಲ್ಲಿ ಓದುತ್ತೇನೆ:
ಒಂದು ಡಿಗ್ರಿ ಐವತ್ತೆರಡು.
ಬಾಂಬು ಬಿಚ್ಚಿದರೆ ಮೂಸೆಯಲ್ಲಿ ಅರ್ಧದಷ್ಟು ಬೂದಿ.

ಒಂದು ಮಧ್ಯಾಹ್ನ ಬುತ್ತಿ ಬಿಚ್ಚಿದವನು
ಕಟಕ ರೊಟ್ಟಿಯ ಚೂರು ಮುರಿದು ನನ್ನ ಮೇಜಿನ ಮೇಲಿಟ್ಟ.
"ಮೇಡಮ್ಮೋರೆ, ಇದನ್ನೊಂದು ಸುಡ್ರಿ. ನೋಡಮು."

ನಿಯಮದಲ್ಲಿಲ್ಲ. ಸಿಲಿಂಡರಿಗೆ ಲೆಕ್ಕ ಕೊಡಬೇಕು.
ಆದರೂ ಅರೆದೆ. ಎಳ್ಳು ಅಂಟಿತ್ತು, ಕೆರೆದು ತೆಗೆದೆ,
ಎಣ್ಣೆ ಸೇರಿದರೆ ಕಲ್ಲಿದ್ದಲಿಗೆ ಅನ್ಯಾಯವಾದೀತೆಂದು.
ಒಂದು ಗ್ರಾಂ.

ಒಂದು ಡಿಗ್ರಿ ಅರವತ್ತೆಂಟು.
ನಂಬದೆ ಇನ್ನೊಮ್ಮೆ ಸುಟ್ಟೆ. ಅರವತ್ತೇಳು.
ಮೂಸೆಯಲ್ಲಿ ಉಗುರಂಚಿನಷ್ಟು ಬೂದಿ, ಅಷ್ಟೇ.

ಹುಸೇನಪ್ಪ ಕಿಟಕಿಯಾಚೆ ಚಿಮಣಿ ನೋಡಿದ.
ನಗಲಿಲ್ಲ, ಇಲ್ಲವೇ ಮೀಸೆಯೊಳಗೇ ನಕ್ಕ.
"ಹಂಗಾದ್ರ ಇಷ್ಟು ವರ್ಷ
ಜ್ವಾಳ ತಿಂದು ಬೂದಿ ಹೊತ್ತೀನಿ ಅನ್ರಿ."

ಮರುದಿನ ಬುತ್ತಿಯ ಜೊತೆ
ಅವನ ಹೆಂಡತಿ ಯಂಕೋಬಮ್ಮನ ಮಾತೂ ಬಂತು:
"ಬಡಿದ ಕೈಯಿನ ಬಿಸಿ ಎದ್ರಾಗ ಬರ್ದಾರ,
ಕೂಡ್ಸೋದ್ರಾಗೋ ಕಳ್ಯೋದ್ರಾಗೋ, ಕೇಳ್ಕೊಂಡು ಬಾ."

ತಂತಿ ಉರಿದ ಶಾಖ ಕಳೆಯುತ್ತೇವೆ, ನೂಲಿನದೂ ಕಳೆಯುತ್ತೇವೆ.
ಗೋಡೆಯಾಚೆ ಸೋರಿದ್ದನ್ನು ನಿಮಿಷ ನಿಮಿಷ ಎಣಿಸಿ
ಮರಳಿ ಕೂಡಿಸುತ್ತೇವೆ.
ಕೈಗೆ ಕಾಲಮ್ಮಿಲ್ಲ.
ಹಾಗೆಂದು ಹೇಳಿ ಕಳಿಸಲು ನಾಚಿಕೆಯಾಯಿತು.
ಬಿಸಿಲಿಗೆ ಕಾದ ವ್ಯಾಗನ್ನಿನ ನೆತ್ತಿಯಿಂದಿಳಿದು
ಹುಸೇನಪ್ಪ ಗಡಿಗೆಯ ನೀರು ಗಟಗಟ ಕುಡಿಯುತ್ತಿದ್ದ.
ಈ ಮನುಷ್ಯನ ನಾನೂರ ಹತ್ತು ಎಷ್ಟಿರಬಹುದು?
ಯಾವ ಬಿಳಿ ಬಿಲ್ಲೆ ಸುಟ್ಟು ತಿಳಿಯುವುದು?

ರೊಟ್ಟಿಯ ಲೆಕ್ಕವನ್ನು ರಿಜಿಸ್ಟರಿನ ಕೊನೆಯ ಪುಟದಲ್ಲಿ
ಪೆನ್ಸಿಲ್ಲಿನಲ್ಲಿ ಗೀಚಿಟ್ಟಿದ್ದೆ. ಅಳಿಸಲು ಮರೆತೆ.
ಆಡಿಟ್ಟಿಗೆ ಬಂದವರು ಕನ್ನಡಕ ಏರಿಸಿ ಕೇಳಿದರು,
ಇದು ಯಾವ ಗಣಿಯದು?
ದೇವಸೂಗೂರು, ಎಂದೆ.
ಬರೆದುಕೊಂಡರು.
ಗ್ರೇಡು ಚೆನ್ನಾಗಿದೆಯಲ್ಲ, ಅಂದರು,
ಇದನ್ನು ಯಾಕೆ ಜಾಸ್ತಿ ತರಿಸುತ್ತಿಲ್ಲ?